ಚೆಂಗ್ಡು: ಯಾವುದಕ್ಕೆ ದುಡ್ಡು ಬಿಚ್ಚಬೇಕು, ಯಾವುದಕ್ಕೆ ಬೇಡ

ಚೀನಾ ನೋಡಬೇಕು, ಆದರೆ ಜೇಬು ಅಷ್ಟೇನೂ ಗಟ್ಟಿಯಿಲ್ಲ ಅನ್ನುವವರಿಗೆ ಬೀಜಿಂಗ್, ಶಾಂಘೈಗಿಂತ ಮೊದಲು ನಾನು ಹೇಳುವ ಹೆಸರು ಚೆಂಗ್ಡು. ಸಿಚುವಾನ್ ಪ್ರಾಂತ್ಯದ ರಾಜಧಾನಿ ಇದು, ಎರಡು ಕೋಟಿ ಜನರ ಊರು. ಊಟದ ವಿಷಯದಲ್ಲಿ ಇದರ ಹೆಸರು ಎಷ್ಟು ದೊಡ್ಡದೆಂದರೆ, 2010ರಲ್ಲಿ ಯುನೆಸ್ಕೊ ಏಷ್ಯಾದ ಮೊದಲ ಪಾಕಕಲೆಯ ನಗರವೆಂದು ಆರಿಸಿದ್ದು ಇದನ್ನೇ. 2013ರಲ್ಲಿ ಬೆಂಗಳೂರು ಮತ್ತು ಚೆಂಗ್ಡು ಸೋದರ ನಗರಗಳೆಂದು ಒಪ್ಪಂದವೂ ಆಗಿದೆ. ಆ ನಂಟಸ್ತಿಕೆಯಿಂದ ನಮಗೆ ಎಲ್ಲೂ ರಿಯಾಯಿತಿ ಸಿಗುವುದಿಲ್ಲ, ಬಿಡಿ.

ಈ ಊರಿನಲ್ಲಿ ಒಂದೇ ರುಚಿ, ಒಂದೇ ನೋಟ ಎರಡು ಮೂರು ಬೆಲೆಗೆ ಸಿಗುತ್ತದೆ. ಎಷ್ಟೋ ಕಡೆ ಊರಿನವರೇ ಹೋಗುವುದು ಅಗ್ಗದ ಜಾಗಕ್ಕೆ. ದುಬಾರಿ ಜಾಗ ಇರುವುದು ಪ್ರವಾಸಿಗಳಿಗಾಗಿ. ಹಾಗೆಂದು ಎಲ್ಲದಕ್ಕೂ ಕೈ ಬಿಗಿಹಿಡಿದರೆ ಅಷ್ಟು ದೂರ ಹೋಗಿದ್ದೇ ದಂಡ. ನನ್ನ ಲೆಕ್ಕದಲ್ಲಿ ಪಾಂಡಾ, ಮೂರು ಸಾವಿರ ವರ್ಷದ ಕಂಚಿನ ಮುಖವಾಡಗಳು, ಮತ್ತು ಒಂದು ನದಿ, ಈ ಮೂರಕ್ಕೆ ಟಿಕೆಟ್ ಕೊಳ್ಳಬೇಕು. ಉಳಿದದ್ದರಲ್ಲಿ ಬಹುಪಾಲು ಪುಕ್ಕಟೆಯಾಗಿಯೇ ಚೆನ್ನಾಗಿದೆ. ಒಂದು ಯುವಾನ್ ಅಂದರೆ 12-13 ರೂಪಾಯಿ ಎಂದುಕೊಂಡು ಮುಂದಿನ ದರಗಳನ್ನು ಓದಿ. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು, ಟಿಕೆಟ್ ದರಗಳು ಆಗಾಗ ಬದಲಾಗುತ್ತಿರುತ್ತವೆ.

ಇಳಿಯುವುದು, ತಂಗುವುದು

ಚೆಂಗ್ಡುವಿಗೆ ಎರಡು ವಿಮಾನ ನಿಲ್ದಾಣ. ಶುವಾಂಗ್‌ಲಿಯು ಊರಿಗೆ ಅಂಟಿಕೊಂಡಿದೆ. 2021ರಲ್ಲಿ ಶುರುವಾದ ತಿಯಾನ್‌ಫು ಊರಿನಿಂದ ಸುಮಾರು 50 ಕಿಲೋಮೀಟರ್ ದೂರ. ಹೊರದೇಶದ ವಿಮಾನಗಳು ಹೆಚ್ಚಾಗಿ ತಿಯಾನ್‌ಫುವಿಗೇ ಬರುತ್ತವೆ. ಹಗಲಲ್ಲಿ ಇಳಿದರೆ ಚಿಂತೆಯಿಲ್ಲ, ಮೆಟ್ರೊ 18ನೇ ಮಾರ್ಗ ಹತ್ತು ಯುವಾನಿನ ಆಸುಪಾಸಿಗೆ ಊರೊಳಗೆ ತಂದುಬಿಡುತ್ತದೆ. ರಾತ್ರಿ ಹನ್ನೊಂದರ ಮೇಲೆ ಇಳಿಯುವ ವಿಮಾನ ಒಂದೆರಡು ಸಾವಿರ ರೂಪಾಯಿ ಅಗ್ಗ ಎಂದು ಹಿಡಿದರೆ, ಉಳಿಸಿದ್ದನ್ನೆಲ್ಲ ಟ್ಯಾಕ್ಸಿಯವನ ಕೈಗೆ ಕೊಡಬೇಕಾಗುತ್ತದೆ. ಬುಕ್ ಮಾಡುವಾಗ ಇಳಿಯುವ ಹೊತ್ತು ನೋಡಿ.

ತಂಗಲು ಛುನ್‌ಶಿ ರಸ್ತೆಯ ಸುತ್ತ ನೋಡುವವರೇ ಹೆಚ್ಚು. ಅದು ಮಾಲ್‌ಗಳ ಬೀದಿ, ಕಟ್ಟಡದ ಮೇಲೆ ಹತ್ತುತ್ತಿರುವ ದೊಡ್ಡ ಪಾಂಡಾ ಗೊಂಬೆ ಇರುವುದು ಅಲ್ಲೇ. ನಾನಾದರೆ ವೆನ್‌ಶು ಮಠದ ಹತ್ತಿರದ ಓಣಿಗಳಲ್ಲಿ ಕೋಣೆ ಹಿಡಿಯುತ್ತೇನೆ. ಮೆಟ್ರೊ 1ನೇ ಮಾರ್ಗ ಪಕ್ಕದಲ್ಲೇ ಇದೆ, ಬೆಳಗಿನ ನೂಡಲ್ಸ್ ಅಂಗಡಿಗಳು ಕಾಲ್ನಡಿಗೆಯಲ್ಲೇ ಸಿಗುತ್ತವೆ, ಬಾಡಿಗೆಯೂ ಇಳಿಕೆ. ಹಾಸ್ಟೆಲಿನಲ್ಲಿ ಒಂದು ಹಾಸಿಗೆ 50-70 ಯುವಾನಿಗೆ ಸಿಗುತ್ತದೆ. ತೀರಾ ಸಣ್ಣ ಲಾಡ್ಜುಗಳಲ್ಲಿ ವಿದೇಶಿ ಪಾಸ್‌ಪೋರ್ಟ್ ನೋಂದಾಯಿಸಲು ತಡಬಡಾಯಿಸುತ್ತಾರೆ. ವಿದೇಶಿಯರ ವಿಮರ್ಶೆಗಳಿರುವ ಜಾಗ ಆರಿಸಿದರೆ ಆ ತಲೆನೋವಿಲ್ಲ.

ಒಂದೇ ಕೆಂಪು ಸಾರು, ಮೂರು ಬಿಲ್ಲು

ಸಿಚುವಾನ್ ಅಂದರೆ ಎಲ್ಲರ ಬಾಯಲ್ಲೂ ಬರುವುದು ಹಾಟ್‌ಪಾಟ್. ಆದರೆ ಆ ರುಚಿಗೆ ಹಾಟ್‌ಪಾಟ್ ಒಂದೇ ದಾರಿಯಲ್ಲ. ಹಾಟ್‌ಪಾಟ್, ಛ್ವಾನ್‌ಛ್ವಾನ್, ಮಾವ್‌ಛಾಯ್, ಈ ಮೂರರ ತಳದಲ್ಲೂ ಇರುವುದು ಒಂದೇ ಬಗೆಯ ಸಾರು: ಒಣಮೆಣಸಿನಕಾಯಿ, ಮೆಣಸಿನಕಾಯಿಯ ಜೊತೆ ಕಾಳು ಹುದುಗಿಸಿ ಮಾಡಿದ ಖಾರದ ಪೇಸ್ಟು, ಮತ್ತು ಹ್ವಾಜ್ಯಾವ್. ಈ ಹ್ವಾಜ್ಯಾವ್ ನಮ್ಮ ಕರಾವಳಿಯ ತೆಪ್ಪಳದ ಹತ್ತಿರದ ಸಂಬಂಧಿ, ಒಂದೇ ಕುಲದ ಗಿಡ. ಬಂಗುಡೆ ಸಾರಿಗೆ ತೆಪ್ಪಳ ಜಜ್ಜಿ ಹಾಕುವ ಮನೆಯವರಿಗೆ ತುಟಿ ಜುಮ್ಮೆನ್ನುವುದು ಹೊಸತಲ್ಲ. ಬಯಲುಸೀಮೆಯವರು ಮೊದಲ ತುತ್ತಿಗೇ ಗಾಬರಿಯಾಗಬೇಡಿ, ಅದು ಖಾರವಲ್ಲ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ.

ಹಾಟ್‌ಪಾಟ್‌ನಲ್ಲಿ ಮೇಜಿನ ನಡುವೆ ಪಾತ್ರೆ ಕುದಿಯುತ್ತಿರುತ್ತದೆ, ಬೇಕಾದ್ದನ್ನು ತರಿಸಿಕೊಂಡು ನೀವೇ ಅದ್ದಿ ಬೇಯಿಸಿಕೊಳ್ಳಬೇಕು. ಬಿಲ್ಲು ಹೇಗೆ ಏರುತ್ತದೆ ನೋಡಿ. ಸಾರಿನ ಪಾತ್ರೆಗೆ ಬೇರೆ ದುಡ್ಡು, ಪ್ರತಿ ತಟ್ಟೆಗೆ ಬೇರೆ, ಅದ್ದಿಕೊಳ್ಳುವ ಎಣ್ಣೆಯ ಬಟ್ಟಲಿಗೆ ತಲೆಗಿಷ್ಟು ಎಂದು ಬೇರೆ. ಪಾತ್ರೆಯ ದುಡ್ಡು ಒಬ್ಬರಿದ್ದರೂ ಅಷ್ಟೇ, ನಾಲ್ವರಿದ್ದರೂ ಅಷ್ಟೇ. ನಾಲ್ವರು ಕೂತರೆ ತಲೆಗೆ 80-120 ಯುವಾನ್. ಒಬ್ಬರೇ ಹೋಗಿ ಕೂರುವುದು ಶುದ್ಧ ಪೋಲು.

ಛ್ವಾನ್‌ಛ್ವಾನ್‌ನಲ್ಲಿ ತರಕಾರಿ, ತೋಫು, ಮಾಂಸ ಎಲ್ಲವನ್ನೂ ಬಿದಿರುಕಡ್ಡಿಗೆ ಚುಚ್ಚಿ ಕಪಾಟಿನಲ್ಲಿ ಇಟ್ಟಿರುತ್ತಾರೆ. ತಟ್ಟೆ ಹಿಡಿದು ಹೋಗಿ ಕಡ್ಡಿ ಕಡ್ಡಿಯಾಗಿ ಆರಿಸಿಕೊಂಡು ಬಂದು ಪಾತ್ರೆಗೆ ಮುಳುಗಿಸುವುದು. ಊಟ ಮುಗಿದ ಮೇಲೆ ಬರಿಗಡ್ಡಿಗಳ ಡಬ್ಬ ಎತ್ತಿಕೊಂಡು ಹೋಗಿ ಎಣಿಸುತ್ತಾರೆ, ಕೆಲವು ಕಡೆ ತೂಗಿಯೇ ಬಿಡುತ್ತಾರೆ. ಇಬ್ಬರಿಗೆ ಇದೇ ಸರಿ. ಎಲೆಕೋಸು, ಅಣಬೆ, ತಾವರೆ ಬೇರು, ಆಲೂಗಡ್ಡೆ ಒಂದೊಂದೇ ಕಡ್ಡಿ ತಗೊಂಡು ಹತ್ತು ಬಗೆ ರುಚಿ ನೋಡಬಹುದು. ಹಾಟ್‌ಪಾಟ್‌ನಲ್ಲಾದರೆ ಅದೇ ಹತ್ತು ಬಗೆಗೆ ಹತ್ತು ತಟ್ಟೆ ತರಿಸಬೇಕು. ತಲೆಗೆ 50-70 ಯುವಾನಿನಲ್ಲಿ ಹೊಟ್ಟೆ ತುಂಬುತ್ತದೆ.

ಮಾವ್‌ಛಾಯ್ ಇನ್ನೂ ಸರಳ. ಬುಟ್ಟಿಗೆ ಬೇಕಾದ್ದು ತುಂಬಿಕೊಂಡು ಕೊಟ್ಟರೆ ತೂಗಿ, ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಬಟ್ಟಲಿಗೆ ಸುರಿದು ಅನ್ನದ ಜೊತೆ ಕೊಡುತ್ತಾರೆ. 20-30 ಯುವಾನ್. “ಮಾವ್‌ಛಾಯ್ ಒಬ್ಬನ ಹಾಟ್‌ಪಾಟ್, ಹಾಟ್‌ಪಾಟ್ ಹತ್ತು ಜನರ ಮಾವ್‌ಛಾಯ್” ಎಂದು ಊರಿನವರೇ ತಮಾಷೆ ಮಾಡುತ್ತಾರೆ. ಒಂಟಿಯಾಗಿ ತಿರುಗುವವರ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮೂರಕ್ಕೂ ಸೇರಿ ಎರಡು ಮಾತು. ಕೆಂಪು ಸಾರನ್ನು ಸಾರೆಂದು ಕುಡಿಯಬೇಡಿ, ಅಲ್ಲಿ ಯಾರೂ ಕುಡಿಯುವುದಿಲ್ಲ. ಬೆಂದದ್ದನ್ನು ಎತ್ತಿ ಬೆಳ್ಳುಳ್ಳಿ ಹಾಕಿದ ಎಳ್ಳೆಣ್ಣೆಯಲ್ಲಿ ಅದ್ದಿ ತಿನ್ನುವುದು ಪದ್ಧತಿ. ಎರಡನೆಯದು ಇನ್ನೂ ಮುಖ್ಯ: ಸಾಂಪ್ರದಾಯಿಕ ಸಾರಿಗೆ ಬಳಸುವುದು ದನದ ಕೊಬ್ಬು. ತಿನ್ನದವರು ಗಿಡದ ಎಣ್ಣೆಯ ಸಾರು, ಅಂದರೆ ‘ಛಿಂಗ್‌ಯೋ’ ಎಂದು ಕೇಳಬೇಕು, ಅಥವಾ ನಡುವೆ ತಡೆಯಿರುವ ಪಾತ್ರೆಯಲ್ಲಿ ಒಂದು ಕಡೆ ಅಣಬೆ ಸಾರು ಹಾಕಿಸಿಕೊಳ್ಳಬೇಕು. ಮಾವ್‌ಛಾಯ್ ಅಂಗಡಿಯಲ್ಲಿ ಎಲ್ಲರ ಬುಟ್ಟಿಯೂ ಒಂದೇ ಪಾತ್ರೆಗೆ ಇಳಿಯುವುದರಿಂದ ಈ ಆಯ್ಕೆ ಸಿಗುವುದು ಕಷ್ಟ.

ನೂಡಲ್ಸ್ ಅಂಗಡಿ, ಓಣಿ ಹೋಟೆಲ್, ‘ಪುರಾತನ’ ಬೀದಿ

ಬೆಳಗಿನ ತಿಂಡಿಗೆ ನೂಡಲ್ಸ್ ಅಂಗಡಿಯೇ ಸೈ, 10-15 ಯುವಾನ್. ಇಲ್ಲಿ ನೂಡಲ್ಸನ್ನು ಲಿಯಾಂಗ್ ಲೆಕ್ಕದಲ್ಲಿ ಕೇಳುತ್ತಾರೆ. ಒಂದು ಲಿಯಾಂಗ್ ಅಂದರೆ 50 ಗ್ರಾಂ. ಸಾಮಾನ್ಯ ಹಸಿವಿಗೆ ಎರಡು ಬೇಕು, ಗಟ್ಟಿ ಹಸಿವಿಗೆ ಮೂರು. ಕಮ್ಮಿ ದುಡ್ಡಿನಲ್ಲಿ ಹೆಚ್ಚು ರುಚಿ ನೋಡಬೇಕೆಂದರೆ ಒಂದಂಗಡಿಯಲ್ಲಿ ಒಂದೇ ಲಿಯಾಂಗ್ ತಗೊಂಡು ಮುಂದಿನ ಅಂಗಡಿಗೆ ನಡೆಯಿರಿ, ಯಾರೂ ಏನೂ ಅನ್ನುವುದಿಲ್ಲ.

ಊಟಕ್ಕೆ ‘ನೊಣದ ಹೋಟೆಲು’ ಎಂದು ಊರಿನವರೇ ಪ್ರೀತಿಯಿಂದ ಕರೆಯುವ ಓಣಿಯ ಸಣ್ಣ ಹೋಟೆಲುಗಳಿವೆ. ಪ್ಲಾಸ್ಟಿಕ್ ಸ್ಟೂಲು, ಗೋಡೆಯ ಮೇಲೆ ಮೆನು, ಗಲಾಟೆ. ಒಂದು ಪಲ್ಯಕ್ಕೆ 15-35 ಯುವಾನ್, ಅನ್ನಕ್ಕೆ ಒಂದೆರಡು ಯುವಾನ್. ಇಬ್ಬರು ಮೂರು ಬಗೆ ತರಿಸಿಕೊಂಡರೆ ಬೇಕಾದಷ್ಟಾಗುತ್ತದೆ. ಮಾಲಿನ ಹೋಟೆಲುಗಳಲ್ಲಿ ಇದೇ ಅಡುಗೆ ಹೆಚ್ಚು ಬೆಲೆಗೆ ಸಿಗುತ್ತದೆ. ಅಲ್ಲಿನ ಲಾಭ ಅಂದರೆ ಚಿತ್ರವಿರುವ ಮೆನು ಮತ್ತು ಚೊಕ್ಕಟ ಶೌಚಾಲಯ. ವಯಸ್ಸಾದವರನ್ನು ಕರೆದುಕೊಂಡು ಹೋದವರಿಗೆ ಆ ಎರಡನೆಯದು ಸಣ್ಣ ವಿಷಯವಲ್ಲ.

ಇನ್ನು ಜಿನ್‌ಲಿ ಮತ್ತು ಕ್ವಾನ್‌ಜಾಯ್ ಓಣಿ. ಕೆಂಪು ಲಾಂದ್ರ, ಮರದ ಕಟ್ಟಡ, ಕಡ್ಡಿಗೆ ಚುಚ್ಚಿದ ತಿಂಡಿ. ಕ್ವಾನ್‌ಜಾಯ್ ಛಿಂಗ್ ಅರಸರ ಕಾಲದ ಓಣಿಗಳೇ ಹೌದು, ಆದರೆ ಈಗಿನ ರೂಪ ಬಂದದ್ದು 2008ರಲ್ಲಿ. ಎರಡಕ್ಕೂ ಒಳಗೆ ಹೋಗಲು ಟಿಕೆಟಿಲ್ಲ. ಸಂಜೆ ದೀಪ ಹತ್ತಿದ ಮೇಲೆ ಒಂದು ಸುತ್ತು ಹಾಕಿ, ಫೋಟೊ ತೆಗೆದುಕೊಳ್ಳಿ, ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಅಲ್ಲಿ ಮಾರುವ ತಿಂಡಿ ಎರಡು ಓಣಿ ಆಚೆ ಹೆಚ್ಚುಕಮ್ಮಿ ಅರ್ಧ ಬೆಲೆಗೆ ಬಿಸಿಯಾಗಿಯೇ ಸಿಗುತ್ತದೆ.

ಮಾಂಸ ತಿನ್ನದವರಿಗೆ

ಚೆಂಗ್ಡುವಿನಲ್ಲಿ ಸಸ್ಯಾಹಾರಿಗಳು ಮೋಸಹೋಗುವುದು ತೋಫು, ಬದನೆಕಾಯಿ ಎಂಬ ಹೆಸರು ನೋಡಿ. 1862ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಮಾಪೊ ತೋಫುವಿನಲ್ಲಿ ದನದ ಖೀಮಾ ಇರುತ್ತದೆ. ‘ಮೀನಿನ ಪರಿಮಳದ ಬದನೆ’ಯಲ್ಲಿ ಮೀನು ಇರುವುದಿಲ್ಲ, ಆದರೆ ಹಂದಿ ಖೀಮಾ ಇರಬಹುದು. ದಾನ್‌ದಾನ್ ನೂಡಲ್ಸಿನ ಮೇಲೂ ಹಂದಿಯದೇ ಖೀಮಾ. ಬೀದಿಯಲ್ಲಿ ಧೈರ್ಯವಾಗಿ ಕೇಳಬಹುದಾದ್ದು ತಿಯಾನ್‌ಶುಯ್ ಮಿಯಾನ್: ಬೆರಳು ದಪ್ಪದ ನೂಡಲ್ಸಿಗೆ ಸಿಹಿ ಸೋಯಾ, ಮೆಣಸಿನೆಣ್ಣೆ, ಎಳ್ಳಿನ ಪೇಸ್ಟು. ಖಾರದೆಣ್ಣೆ ಸುರಿದ ತಣ್ಣನೆಯ ಲಿಯಾಂಗ್‌ಫೆನ್ ಎಂಬ ಕಾಳಿನ ಹಿಟ್ಟಿನ ಜೆಲ್ಲಿ, ಬೇಸಿಗೆಯಲ್ಲಿ ಬೆಲ್ಲದ ಪಾಕ ಹಾಕಿದ ಬಿಂಗ್‌ಫೆನ್ ಎಂಬ ತಂಪು ಜೆಲ್ಲಿ ಕೂಡ ಆಗುತ್ತದೆ. ಬಿಂಗ್‌ಫೆನ್ ಐದಾರು ಯುವಾನಿನಿಂದ ಶುರು, ಹಾಟ್‌ಪಾಟ್‌ನ ಉರಿಗೆ ಮದ್ದು.

ಪೂರ್ತಿ ನೆಮ್ಮದಿ ಬೇಕೆಂದರೆ ಮಠಗಳ ಊಟದಮನೆಗೆ ಹೋಗಿ. ವೆನ್‌ಶು ಮಠ, ದಾತ್ಸ ಮಠ ಎರಡರಲ್ಲೂ ಸಸ್ಯಾಹಾರದ ಹೋಟೆಲಿದೆ. ಬೌದ್ಧ ಮಠದ ಅಡುಗೆಯ ನಿಯಮದಲ್ಲಿ ಈರುಳ್ಳಿ, ಬೆಳ್ಳುಳ್ಳಿಗೂ ಜಾಗವಿಲ್ಲ; ನಮ್ಮಲ್ಲಿ ಅವನ್ನು ಬಿಟ್ಟ ಮನೆಯವರಿಗೆ ಚೀನಾದಲ್ಲಿ ಇಷ್ಟು ಸಲೀಸಾದ ಊಟ ಬೇರೆ ಕಡೆ ಸಿಗುವುದು ಕಷ್ಟ. ಮೆನುವಿನಲ್ಲಿ ‘ಮೀನು’, ‘ಬಾತುಕೋಳಿ’ ಎಂದು ಬರೆದಿದ್ದರೆ ಬೆಚ್ಚಬೇಡಿ, ಸೋಯಾದಲ್ಲಿ ಮಾಡಿದ್ದು. ಅಂಥ ನಕಲಿ ಮಾಂಸವೇ ದುಬಾರಿ, ರುಚಿಯೂ ಅಷ್ಟಕ್ಕಷ್ಟೇ. ನೂಡಲ್ಸ್ ಮತ್ತು ಅಣಬೆ, ಸೊಪ್ಪಿನ ಪಲ್ಯ ಸಾಕು. ಹೊರಗಡೆ ‘ವೊ ಚ್ರ್ ಸೂ’ (ನಾನು ಸಸ್ಯಾಹಾರಿ) ಅನ್ನಿ. ಹೇಳಿದ್ದು ತಿಳಿಯದಿದ್ದರೆ ಚೀನೀ ಅಕ್ಷರದಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ.

ವೆನ್‌ಶು ಮಠಕ್ಕೆ ಪ್ರವೇಶ ಉಚಿತ. ಹಳೆಯ ಗಿಂಕೊ ಮರಗಳು, ಊದುಬತ್ತಿಯ ಹೊಗೆ, ಬೆಂಚಿನ ಮೇಲೆ ಹೆಣಿಗೆ ಹಾಕುತ್ತ ಕೂತ ಅಜ್ಜಿಯರು. ಹ್ಯೂಯೆನ್ ತ್ಸಾಂಗನ ತಲೆಬುರುಡೆಯ ಒಂದು ಚೂರು ಇಲ್ಲಿದೆ ಎಂದು ಮಠದವರು ಹೇಳುತ್ತಾರೆ. ಅವನು ಪೂರ್ಣ ಭಿಕ್ಷು ದೀಕ್ಷೆ ತೆಗೆದುಕೊಂಡಿದ್ದು 622ರಲ್ಲಿ, ಇದೇ ಚೆಂಗ್ಡುವಿನಲ್ಲಿ. ಮುಂದೆ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು ಅವನ ಆನೆ, ಸೈನಿಕರ ಬಗ್ಗೆ ಬರೆದಿಟ್ಟವನೂ ಅವನೇ. ಬಾದಾಮಿ ಕಂಡವರು ಇಲ್ಲಿ ಹತ್ತು ನಿಮಿಷ ಹೆಚ್ಚೇ ನಿಲ್ಲುತ್ತಾರೆ.

ಚಹಾ ಎಲ್ಲಿ ಕುಡಿಯಬೇಕು

ಚೆಂಗ್ಡುವಿನಲ್ಲಿ ಚಹಾದಂಗಡಿಗೆ ಹೋಗುವುದು ಬಾಯಾರಿ ಅಲ್ಲ, ಕೂರಲು. 20-30 ಯುವಾನ್ ಕೊಟ್ಟು ಮಲ್ಲಿಗೆ ಚಹಾ ಕೇಳಿದರೆ ಮುಚ್ಚಳದ ಬಟ್ಟಲು, ಬಿದಿರಿನ ಕುರ್ಚಿ, ಬಿಸಿನೀರಿನ ಫ್ಲಾಸ್ಕ್ ಸಿಗುತ್ತದೆ. ಸಂಜೆತನಕ ಕೂತರೂ ಎಬ್ಬಿಸುವುದಿಲ್ಲ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟರೆ ನೀರು ಬೇಕೆಂದು ಅರ್ಥ.

ಜನತಾ ಉದ್ಯಾನದ ಹ ಮಿಂಗ್ ಚಹಾಮನೆ ಎಲ್ಲರಿಗೂ ಗೊತ್ತಿರುವ ಜಾಗ, ಗದ್ದಲವೂ ಹಾಗೇ. ಆದರೂ ಇದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಚಹಾದ ದುಡ್ಡಿಗೆ ಇಡೀ ಪಾರ್ಕು ಜೊತೆಗೆ ಬರುತ್ತದೆ: ಧ್ವನಿವರ್ಧಕ ಇಟ್ಟುಕೊಂಡು ಕುಣಿಯುವ ಹೆಂಗಸರು, ಮಕ್ಕಳ ವಯಸ್ಸು, ಸಂಬಳ, ಎತ್ತರ ಬರೆದ ಹಾಳೆ ತೂಗುಹಾಕಿ ಗಂಡು-ಹೆಣ್ಣು ಹುಡುಕುವ ಅಪ್ಪ ಅಮ್ಮಂದಿರು. ಕಿವಿ ಶುದ್ಧ ಮಾಡುವವರು ಕಬ್ಬಿಣದ ಚಿಮಟದಂಥ ಸಾಧನ ಟಿಣ್ ಎನ್ನಿಸುತ್ತ ಕುರ್ಚಿಗಳ ನಡುವೆ ಓಡಾಡುತ್ತಿರುತ್ತಾರೆ. ತಲೆಗೆ ಪುಟ್ಟ ದೀಪ ಕಟ್ಟಿಕೊಂಡು, ತೆಳು ಕಡ್ಡಿ, ಗರಿ, ಆಮೇಲೆ ಆ ಕಂಪಿಸುವ ಕಬ್ಬಿಣ. ಮಾಡಿಸಿಕೊಳ್ಳುವುದಾದರೆ ಮೊದಲೇ ದರ ಕೇಳಿ. ಮಧ್ಯದಲ್ಲಿ ‘ಇದೂ ಸೇರಿಸಲಾ’ ಎಂದು ಕೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಬಿಲ್ಲು ಬೆಳೆಯುತ್ತದೆ.

ಫೋಟೊ ಹುಚ್ಚಿನವರು ಊರಾಚೆ ಶುವಾಂಗ್‌ಲಿಯು ಕಡೆಯ ಪೆಂಗ್‌ಝೆನ್‌ನ ಹಳೆ ಚಹಾಮನೆಗೆ ಬೆಳಗ್ಗೆಯೇ ಹೋಗುತ್ತಾರೆ. ಮಣ್ಣಿನ ನೆಲ, ಕಲ್ಲಿದ್ದಲಿನ ಒಲೆ, ಹಂಚಿನ ಸಂದಿನಿಂದ ಬೀಳುವ ಬಿಸಿಲು. ಚಹಾ ಇನ್ನೂ ಅಗ್ಗ, ಆದರೆ ಹೋಗಿಬರಲು ಅರ್ಧ ದಿನ. ಮೂರು ದಿನಕ್ಕಿಂತ ಕಮ್ಮಿ ಇರುವವರು ಬಿಟ್ಟುಬಿಡಿ.

ಕಣ್ಣು ಮಿಟುಕಿಸುವುದರೊಳಗೆ ಮುಖವಾಡ ಬದಲಿಸುವ ಸಿಚುವಾನ್ ಆಟಕ್ಕೆ ಪ್ರವಾಸಿ ರಂಗಮಂದಿರಗಳು ನೂರೈವತ್ತು ಯುವಾನಿನಿಂದ ಮೇಲೆ ಕೇಳುತ್ತವೆ, ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ಮುಖವಾಡದ್ದು ಕೆಲವೇ ನಿಮಿಷ. ಕೆಲವು ದೊಡ್ಡ ಹಾಟ್‌ಪಾಟ್ ಹೋಟೆಲುಗಳಲ್ಲಿ ಸಂಜೆ ಊಟದ ಹೊತ್ತಿಗೆ ಅದನ್ನೇ ಮೇಜಿನ ಪಕ್ಕ ನಿಂತು ಆಡುತ್ತಾರೆ, ಬಿಟ್ಟಿ. ನಾಲ್ವರು ಸೇರಿ ಒಂದು ದಿನ ಹಾಟ್‌ಪಾಟ್‌ಗೆ ಹೋಗುವುದಾದರೆ ಅಂಥ ಹೋಟೆಲೇ ಆರಿಸಿ.

ಟಿಕೆಟ್ ಕೊಳ್ಳುವ ಜಾಗಗಳು

ಪಾಂಡಾ ಕೇಂದ್ರಕ್ಕೆ 55 ಯುವಾನ್. 1987ರಲ್ಲಿ ರಕ್ಷಿಸಿ ತಂದ ಆರು ಪಾಂಡಾಗಳಿಂದ ಶುರುವಾದ ಜಾಗ. ಹೋಟೆಲಿನವರು ಮಾರುವ ಪ್ಯಾಕೇಜ್ ಟೂರು ಬೇಡ. ಮೆಟ್ರೊ 3ನೇ ಮಾರ್ಗದ ಪಾಂಡಾ ಅವೆನ್ಯೂ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಬಸ್ಸಿದೆ. ಪಾಸ್‌ಪೋರ್ಟ್ ನಂಬರು ಕೊಟ್ಟು ಟಿಕೆಟ್ ಮುಂಗಡ ಮಾಡಿಸಬೇಕು. ಬಾಗಿಲು ತೆರೆಯುವುದು ಏಳೂವರೆಗೆ, ಆ ಹೊತ್ತಿಗೇ ಇರಿ. ಬೆಳಗ್ಗೆ ಬಿದಿರು ತಿಂದು ಮುಗಿಸಿದ ಪಾಂಡಾ ಆಮೇಲೆ ಮಲಗುವುದೇ ಕೆಲಸ, ಸೆಖೆ ಏರಿದರೆ ಒಳಗಿನ ಎಸಿ ಕೋಣೆಗೆ ಸೇರಿಸಿಬಿಡುತ್ತಾರೆ. ಹ್ವಾಹ್ವಾ ಎಂಬ ಪಾಂಡಾ ಚೀನೀಯರ ಕಣ್ಮಣಿ, ಅದನ್ನು ನೋಡಲು ಗಂಟೆಗಟ್ಟಲೆ ಸಾಲು. ಆ ಸಾಲಿನಲ್ಲಿ ನಿಂತು ಉಳಿದ ಪಾಂಡಾಗಳನ್ನು ಕಳೆದುಕೊಳ್ಳಬೇಡಿ; ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಥರ ಮುದ್ದು.

ಸ್ಯಾನ್‌ಶಿಂಗ್‌ದುಯ್ ಮತ್ತು ಜಿನ್‌ಶಾ, ಎರಡೂ ಪ್ರಾಚೀನ ಶು ರಾಜ್ಯದ ಕುರುಹು, ಟಿಕೆಟ್ 72 ಮತ್ತು 70 ಯುವಾನ್. ದರ ಹೆಚ್ಚುಕಮ್ಮಿ ಒಂದೇ, ಆಯ್ಕೆ ಸಮಯದ್ದು. ಜಿನ್‌ಶಾ ಊರೊಳಗೇ ಇದೆ, ಮೆಟ್ರೊ 7ನೇ ಮಾರ್ಗ. 2001ರಲ್ಲಿ ಕಟ್ಟಡ ಕಟ್ಟಲು ಅಗೆಯುವಾಗ ಸಿಕ್ಕಿದ್ದು. ಅಗೆದ ಗುಂಡಿಯ ಮೇಲೇ ಸೂರು ಹಾಕಿ, ಮರದ ಹಾದಿಯಲ್ಲಿ ನಡೆದು ನೋಡುವಂತೆ ಮಾಡಿದ್ದಾರೆ. ನಾಲ್ಕು ಹಕ್ಕಿಗಳು ಸೂರ್ಯನನ್ನು ಸುತ್ತುವ ತೆಳು ಚಿನ್ನದ ತಗಡು, ಅಡ್ಡಳತೆ 12.5 ಸೆಂಟಿಮೀಟರ್, ಅಷ್ಟಕ್ಕೇ ಒಂದು ಕೋಣೆ. ಸ್ಯಾನ್‌ಶಿಂಗ್‌ದುಯ್ ಇರುವುದು 40 ಕಿಲೋಮೀಟರ್ ಆಚೆ ಗ್ವಾಂಗ್‌ಹಾನ್‌ನಲ್ಲಿ. 1986ರಲ್ಲಿ ಸಿಕ್ಕ ಎರಡು ಗುಂಡಿಗಳಿಂದ ಎದ್ದು ಬಂದ ಕಂಚಿನ ವಸ್ತುಗಳು: ಕಣ್ಣಾಲಿಗಳು ಕೊಳವೆಗಳಂತೆ ಮುಂದೆ ಚಾಚಿದ ಮುಖವಾಡ, ನಾಲ್ಕು ಮೀಟರ್ ಹತ್ತಿರದ ಕಂಚಿನ ಮರ. ಲಿಪಿಯಿಲ್ಲದ ಜನ, ಯಾಕೆ ಇವನ್ನೆಲ್ಲ ಮುರಿದು, ಸುಟ್ಟು ಹೂತರೋ ಇನ್ನೂ ವಾದ ನಡೆದಿದೆ. ಹೊಸ ಕಟ್ಟಡ 2023ರಲ್ಲಿ ತೆರೆಯಿತು. ಅರ್ಧ ದಿನ ಕೊಡಬಲ್ಲಿರಾದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ. ಎರಡೂ ಬೇಕಿಲ್ಲ.

ಊರೊಳಗಿನ ಇನ್ನೆರಡು ಹೆಸರುಗಳಾದ, ಚೀನಾದ ಮೂರು ರಾಜ್ಯಗಳ ಕಾಲದ ಮಂತ್ರಿ ಝುಗೆ ಲಿಯಾಂಗ್‌ನ ವೂಹೌ ಸ್ಮಾರಕ, ಕವಿ ದು ಫು ಕುಟೀರ ತಲಾ 50 ಯುವಾನ್. ಮೂರು ರಾಜ್ಯಗಳ ಕಥೆ ಗೊತ್ತಿದ್ದವರಿಗೆ, ದು ಫು ಪದ್ಯ ಓದಿದವರಿಗೆ ಸಾರ್ಥಕ. ಉಳಿದವರಿಗೆ ಚೆಂದದ ತೋಟ, ಅಷ್ಟೇ. ಬದಲಿಗೆ ತಿಯಾನ್‌ಫು ಚೌಕದ ಚೆಂಗ್ಡು ಮ್ಯೂಸಿಯಂ ಉಚಿತ, ಅದರ ತೊಗಲುಗೊಂಬೆಯ ಸಂಗ್ರಹ ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಬಲು ಖುಷಿ ಕೊಡುತ್ತದೆ. ಸೋಮವಾರ ಬಾಗಿಲು ಹಾಕಿರುತ್ತದೆ.

ಹೊರಗೆ ಒಂದೇ ದಿನವಿದ್ದರೆ

ಎಲ್ಲರೂ ಲೆಶಾನ್ ಬುದ್ಧನ ಕಡೆ ಓಡುತ್ತಾರೆ. 71 ಮೀಟರ್ ಎತ್ತರ, 713ರಲ್ಲಿ ಶುರುಮಾಡಿ 90 ವರ್ಷ ಕೆತ್ತಿದ್ದು. ನೋಡಬೇಕಾದ್ದೇ. ಆದರೆ ರೈಲಿಗೆ ಹೋಗಿಬರಲು ನೂರು ಯುವಾನಿಗೂ ಮೇಲೆ, ಟಿಕೆಟ್ 80, ಪಾದದವರೆಗೆ ಇಳಿಯುವ ಮೆಟ್ಟಿಲಲ್ಲಿ ರಜಾದಿನ ಎರಡು ಮೂರು ಗಂಟೆ ಸಾಲು. ಸಾಲು ಬೇಡವೆಂದು ದೋಣಿ ಹತ್ತಿದರೆ ಅದಕ್ಕೂ ದುಡ್ಡು, ಬುದ್ಧ ಇಡಿಯಾಗಿ ಕಾಣುವುದೇನೋ ಅಲ್ಲಿಂದಲೇ.

ನನ್ನ ಓಟು ದುಜಿಯಾಂಗ್‌ಯಾನ್‌ಗೆ. ರೈಲು ಅರ್ಧ ಗಂಟೆಯ ಆಸುಪಾಸು, ದರವೂ ಲೆಶಾನ್‌ನ ಮುಂದೆ ಚಿಲ್ಲರೆ. ಟಿಕೆಟ್ ಇಲ್ಲಿಯೂ 80. ಕ್ರಿಸ್ತಪೂರ್ವ 256ರ ಹೊತ್ತಿಗೆ ಲಿ ಬಿಂಗ್ ಎಂಬ ಅಧಿಕಾರಿ ಮಿನ್ ನದಿಗೆ ಅಣೆಕಟ್ಟು ಕಟ್ಟದೆ, ಹೊಳೆಯ ನಡುವೆ ಮೀನಿನ ಮೂತಿಯಂಥ ಒಡ್ಡು ಹಾಕಿ ನೀರನ್ನು ಎರಡಾಗಿ ಸೀಳಿದ. ಒಂದು ಪಾಲು ಗುಡ್ಡ ಕೊರೆದ ಕಿಂಡಿಯಿಂದ ಬಯಲಿನ ಗದ್ದೆಗಳಿಗೆ, ಪ್ರವಾಹದ ಹೆಚ್ಚುವರಿ ನೀರು ಹೂಳಿನ ಸಮೇತ ಹೊಳೆಯ ಪಾತ್ರಕ್ಕೇ ವಾಪಸ್ಸು. ಇಂದಿಗೂ ಅದೇ ವ್ಯವಸ್ಥೆ ಗದ್ದೆಗಳಿಗೆ ನೀರುಣಿಸುತ್ತಿದೆ. ಸಿಚುವಾನಿನಲ್ಲಿ ಇಷ್ಟು ಅನ್ನ, ಇಷ್ಟು ಬಿಡುವು, ಇಷ್ಟು ಚಹಾಮನೆ ಹೇಗೆ ಬಂತು ಎಂದು ಕೇಳಿದರೆ ಆ ಮೂತಿಯ ತುದಿಯಲ್ಲಿ ನಿಂತಾಗ ಉತ್ತರ ಸಿಗುತ್ತದೆ. ಟಿಕೆಟ್ ಕೊಳ್ಳದವರಿಗೂ ಊರಿನ ದಕ್ಷಿಣ ಸೇತುವೆ ಇದೆ, ಸಂಜೆ ಅದರ ಕೆಳಗೆ ನೀಲಿ ಬೆಳಕಿನಲ್ಲಿ ಹೊಳೆ ಭೋರ್ಗರೆಯುತ್ತದೆ. ಆ ದಡದಲ್ಲಿ ಚಹಾ, ತಿಂಡಿಯ ಬೆಲೆ ಮಾತ್ರ ನೋಡಿಕೊಂಡು ಕೂರಿ.

ಫೋನು, ದುಡ್ಡು, ದಿನ

ಯುಪಿಐ ನಡೆಯುವುದಿಲ್ಲ. ಇಲ್ಲಿಂದಲೇ ಅಲಿಪೇ ಎಂಬ ಚೀನಾದ ಪಾವತಿ ಆ್ಯಪ್ ಫೋನಿಗೆ ಹಾಕಿಕೊಂಡು ಅಂತರರಾಷ್ಟ್ರೀಯ ಬಳಕೆ ತೆರೆದಿಟ್ಟ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. 200 ಯುವಾನಿಗಿಂತ ಕಡಿಮೆ ಪಾವತಿಗೆ ಅವರ ಶುಲ್ಕವಿಲ್ಲ, ಮೇಲಾದರೆ ಶೇಕಡ 3. ನೂಡಲ್ಸ್, ಮೆಟ್ರೊ, ಚಹಾ ಎಲ್ಲ ಆ ಮಿತಿಯೊಳಗೇ ಬರುತ್ತದೆ. ಸ್ವಲ್ಪ ನಗದೂ ಇರಲಿ. ಅಲ್ಲಿನ ಸಿಮ್ ಅಗ್ಗ, ಆದರೆ ಅದರಲ್ಲಿ ವಾಟ್ಸ್ಯಾಪ್, ಗೂಗಲ್ ತೆರೆಯುವುದಿಲ್ಲ. ನಮ್ಮ ರೋಮಿಂಗ್ ಅಥವಾ ಹೊರದೇಶದ ಇ-ಸಿಮ್ ದುಬಾರಿ, ಆದರೆ ಎಲ್ಲವೂ ನಡೆಯುತ್ತದೆ. ಮನೆಯವರು ದಿನಾ ವಿಡಿಯೊ ಕಾಲ್ ಕೇಳುವವರಾದರೆ ಇಲ್ಲಿ ಜಿಪುಣತನ ಬೇಡ.

ಹಾಸ್ಟೆಲ್ 60, ನೂಡಲ್ಸ್ 12, ಮಾವ್‌ಛಾಯ್ 25, ಮೆಟ್ರೊ 10, ಚಹಾ 25, ರಾತ್ರಿ ಛ್ವಾನ್‌ಛ್ವಾನ್ 55: ಟಿಕೆಟಿಲ್ಲದ ಒಂದು ದಿನ 187 ಯುವಾನಿನಲ್ಲಿ, ಅಂದರೆ ಸುಮಾರು 2,300-2,400 ರೂಪಾಯಿಯಲ್ಲಿ ಕಳೆಯುತ್ತದೆ. ಅಕ್ಟೋಬರ್ 1ರಿಂದ ಒಂದು ವಾರ, ಮೇ 1ರ ಆಸುಪಾಸು, ಚೀನೀ ಹೊಸವರ್ಷ, ಈ ಮೂರೂ ಹೊತ್ತಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕೋಣೆ ದುಪ್ಪಟ್ಟಾಗಬಹುದು, ಪಾಂಡಾ ಟಿಕೆಟ್ ಮುಗಿದಿರಬಹುದು. ಮಾರ್ಚಿಯಿಂದ ಮೇ, ಇಲ್ಲವೇ ಅಕ್ಟೋಬರ್ ರಜೆ ಮುಗಿದ ಮೇಲೆ ನವೆಂಬರ್‌ವರೆಗೆ ಹೋಗಿ. ಬಿಸಿಲು ಮಾತ್ರ ನಿರೀಕ್ಷಿಸಬೇಡಿ. ಸಿಚುವಾನಿನ ನಾಯಿ ಸೂರ್ಯನನ್ನು ಕಂಡರೆ ಬೊಗಳುತ್ತದೆ ಎಂಬ ಗಾದೆಯೇ ಚೀನೀಯರಲ್ಲಿದೆ, ಅಷ್ಟು ಮೋಡ.